ಅಡಿವೆಪ್ಪನವರ ಇರಾಕಿ ದಿನಾರು

ಕೊವೆಂಟ್ರಿಯ ಕನ್ನಡದವರಲ್ಲಿ ಅಡಿವೆಪ್ಪ ಗಾಣಿಗೇರ ಅಂದರೆ ಅರ್ಧ ಜನಕ್ಕೆ ಗುರುತು ಸಿಗುತ್ತಿರಲಿಲ್ಲ. ದಿನಾರ್ ಅಡಿವೆಪ್ಪ ಅಂದರೆ ಎಲ್ಲರಿಗೂ ಸಿಗುತ್ತಿತ್ತು. ಕಾರಿನ ಬ್ರೇಕಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್. ಅಳತೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಆ ತುಂಡನ್ನು ಮುಲಾಜಿಲ್ಲದೆ ಪಕ್ಕಕ್ಕಿಡುವ ಮನುಷ್ಯ. ಅಂಥವರು ಬೆಳಿಗ್ಗೆ ಎದ್ದು ಫೋನು ಕೈಗೆತ್ತಿಕೊಂಡರೆ ಮೊದಲು ನೋಡುತ್ತಿದ್ದುದು ಬಾಗ್ದಾದಿನ ಸುದ್ದಿ. ಅಲ್ಲಿ ಮಂತ್ರಿಮಂಡಲ ರಚನೆಯಾಯಿತೇ, ಪಾರ್ಲಿಮೆಂಟಿನಲ್ಲಿ ಬಜೆಟ್ ಪಾಸಾಯಿತೇ, ಸೆಂಟ್ರಲ್ ಬ್ಯಾಂಕು ಡಾಲರಿಗೆ ಎಷ್ಟು ದಿನಾರು ಎಂದು ದರ ಕಟ್ಟಿದೆ, ಇಷ್ಟು ನೋಡಿದ ಮೇಲೆಯೇ ಚಹಾ.

ಇದಕ್ಕೆ ಹಳೆಯ ಕಾರಣವಿತ್ತು. ಐಟಿಐ ಮುಗಿಸಿ ರೋಣದಲ್ಲಿ ಕೆಲಸವಿಲ್ಲದೆ ಕೂತಿದ್ದ ಇಪ್ಪತ್ತಮೂರರ ಅಡಿವೆಪ್ಪ, 1982ರಲ್ಲಿ ಮುಂಬಯಿಯ ಏಜೆಂಟನ ಮೂಲಕ ಬಾಗ್ದಾದಿಗೆ ಹೋಗಿದ್ದರು. ಭಾರತದ ಕಂಪನಿಯೊಂದು ಅಲ್ಲಿ ಒಳಚರಂಡಿಯ ಕೊಳವೆ ಹೂಳುವ ಗುತ್ತಿಗೆ ಹಿಡಿದಿತ್ತು. ಇರಾನಿನ ಗಡಿಯಲ್ಲಿ ಯುದ್ಧ ನಡೆದಿತ್ತು, ಊರಿನಲ್ಲಿ ಮಾತ್ರ ಪೇಟೆ ತುಂಬಿರುತ್ತಿತ್ತು. ಮೊದಲ ತಿಂಗಳು ಕೈಗೆ ಬಂದ ನೋಟುಗಳ ಮೇಲೆ ಕುದುರೆಗಳ ಚಿತ್ರ. ಆಗ ಒಂದು ದಿನಾರಿಗೆ ಮೂರು ಡಾಲರಿಗಿಂತ ಹೆಚ್ಚು ಬೆಲೆ. ಎರಡು ವರ್ಷದ ಆ ಸಂಬಳದಲ್ಲಿ ಇಬ್ಬರು ತಂಗಿಯರ ಮದುವೆಯಾಯಿತು. ಆಮೇಲೆ ಬೆಂಗಳೂರಿನ ಮಷಿನ್ ಟೂಲ್ ಕಾರ್ಖಾನೆ, 2001ರಲ್ಲಿ ಕೊವೆಂಟ್ರಿ.

ಹಾಗಾಗಿ 2013ರಲ್ಲಿ ಕ್ಯಾಂಟೀನಿನಲ್ಲಿ ಯಾರೋ, ಇರಾಕಿನ ದಿನಾರು ಈಗ ಮಣ್ಣಿನ ಬೆಲೆಗೆ ಸಿಗುತ್ತದೆ, ದೇಶ ಸುಧಾರಿಸಿದರೆ ಬೆಲೆ ಮತ್ತೆ ಮೊದಲಿನಂತಾಗುತ್ತದೆ ಎಂದಾಗ, ಬೇರೆಯವರಿಗೆ ಅದು ಲಾಟರಿಯ ಮಾತಾಗಿ ಕೇಳಿಸಿತು. ಅಡಿವೆಪ್ಪನವರಿಗೆ ಅದು ಕಣ್ಣಾರೆ ಕಂಡ ಹಣ. ಅವರು ಇಂಟರ್ನೆಟ್ಟಿನ ವ್ಯಾಪಾರಿಯೊಬ್ಬನಿಂದ ಮೂವತ್ತು ಲಕ್ಷ ದಿನಾರು ತರಿಸಿಕೊಂಡರು. ಒಂದೊಂದು ಇಪ್ಪತ್ತೈದು ಸಾವಿರ ದಿನಾರಿನದು, ಒಟ್ಟು ನೂರಿಪ್ಪತ್ತು ನೋಟು. ಕೊಟ್ಟದ್ದು ಎರಡು ಸಾವಿರದ ನಾನೂರು ಪೌಂಡು. ಅದು ಹೆಂಡತಿ ನಾಗಮಣಿ ಶಾಲೆಯ ಅಡಿಗೆಮನೆಯಲ್ಲಿ ದುಡಿದು, ತಮ್ಮ ಮನೆಯ ಅಡಿಗೆಮನೆ ಹೊಸದು ಮಾಡಿಸಲೆಂದು ಕೂಡಿಟ್ಟ ದುಡ್ಡು.

"ಒಂದ್ ವರ್ಷ ತಡಿ. ಅಡಿಗಿಮನಿ ಅಷ್ಟ ಅಲ್ಲ, ಮನೀನ ಹೊಸಾದು ಮಾಡೋಣು," ಎಂದಿದ್ದರು ಅಡಿವೆಪ್ಪ.

ಅರಬ್ಬಿ ಸುದ್ದಿ ಓದಲು ಅವರಿಗೆ ನೆರವಾದವರು ಮುಕ್ತಾರ್. ವಿಜಯಪುರದವರು, ಫೋಲ್ಸ್‌ಹಿಲ್ ರಸ್ತೆಯ ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಉರ್ದು ಬಲ್ಲವರಾದ್ದರಿಂದ ಅರಬ್ಬಿ ಲಿಪಿ ಓದಲು ಬರುತ್ತಿತ್ತು, ಅರ್ಥ ಅಲ್ಲೊಂದು ಇಲ್ಲೊಂದು. ಭಾನುವಾರ ಮಧ್ಯಾಹ್ನ ಇಬ್ಬರೂ ಅಡಿವೆಪ್ಪನವರ ಮನೆಯಲ್ಲಿ ಕೂತು ಬಾಗ್ದಾದಿನ ಪತ್ರಿಕೆ ಬಿಡಿಸುತ್ತಿದ್ದರು. ಸುಧಾರಣೆಗೆ ಅಲ್ಲಿಯೂ ಉರ್ದುವಿನಂತೆ 'ಇಸ್ಲಾಹ್' ಎಂದೇ ಬರೆದಿದ್ದನ್ನು ಕಂಡು ಮುಕ್ತಾರ್‌ಗೆ ಖುಷಿಯಾಗಿತ್ತು. ವಿನಿಮಯ ದರ ಎಂಬ ಮಾತು ಬಂದಾಗ ಮಾತ್ರ ಬಹಳ ದಿನ ಎಡವಿದರು.

"ಇಲ್ಲಿ 'ಸಿರ್ಫ್' ಅಂತ ಐತ್ರಿ ಅಣ್ಣಾ. ಸಿರ್ಫ್ ಅಂದ್ರ ಬರೇ. ಬರೇ ಏನಂತ ಬರದಿಲ್ಲ ನೋಡ್ರಿ."

ಅದೇ ಅಕ್ಷರಗಳನ್ನು ಅರಬ್ಬಿಯಲ್ಲಿ 'ಸರ್ಫ್' ಎಂದು ಓದಬೇಕು, ಅಂದರೆ ಹಣ ಬದಲಾಯಿಸುವುದು ಎಂದು ತಿಳಿಯುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಒಂದು ವರ್ಷ ಏಳು ವರ್ಷವಾಯಿತು. ಆ ಏಳು ವರ್ಷದಲ್ಲಿ ಅಡಿವೆಪ್ಪನವರಿಗೆ ಇರಾಕಿನ ಪಕ್ಷಗಳ ಹೆಸರು, ತೈಲ ಕಾಯಿದೆಯ ಜಗಳ, ಎಲ್ಲವೂ ಬಾಯಿಪಾಠವಾಗಿದ್ದವು. ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ ಅವರ ಪಕ್ಕ ಕೂತವರಿಗೆ ಇರಾಕಿನ ರಾಜಕೀಯ ಕೇಳದೆ ಬಿಡುಗಡೆಯಿರಲಿಲ್ಲ. ಅವರ ವಾದ ಸರಳ. ತೈಲ ಇದೆ, ಲಂಚ ಇದೆ. ಸುಧಾರಣೆಯಾದರೆ ಲಂಚ ಹೋಗುತ್ತದೆ, ತೈಲ ಉಳಿಯುತ್ತದೆ, ದಿನಾರು ಏರುತ್ತದೆ. ಈ ಮಾತು ನಂಬಿ ಲೆಸ್ಟರ್‌ನ ಚಿದಾನಂದ ಇಪ್ಪತ್ತು ಲಕ್ಷ ದಿನಾರು ಕೊಂಡಿದ್ದರು.

2020ರ ಅಕ್ಟೋಬರಿನಲ್ಲಿ ಇರಾಕ್ ಸರ್ಕಾರ ಆರ್ಥಿಕ ಸುಧಾರಣೆಯ ಶ್ವೇತಪತ್ರ ಹೊರಡಿಸಿತು. ಅಡಿವೆಪ್ಪ ಕಾದಿದ್ದೇ ಅದಕ್ಕೆ. ಕೊವಿಡ್ಡಿನ ಕಾಲ, ಮನೆಯಿಂದ ಹೊರಗೆ ಹೆಚ್ಚು ಹೋಗುವಂತಿಲ್ಲ. ಅವರು ಅದರ ಇಂಗ್ಲಿಷ್ ಪ್ರತಿ ಹುಡುಕಿ, ಮೈಕ್ರೊಮೀಟರ್ ಹಿಡಿದವರಂತೆ ಸಾಲುಸಾಲು ಓದಿದರು. ಡಿಸೆಂಬರಿನ ಒಂದು ಶನಿವಾರ ಮುಕ್ತಾರ್ ಫೋನು ಮಾಡಿದರು.

"ಅಣ್ಣಾ, ದರ ಬದಲ್ ಮಾಡ್ಯಾರ."

"ಮ್ಯಾಲ ಹೋತೇನು?"

"ಇಲ್ರಿ. ಕೆಳಗ. ಡಾಲರಿಗೆ ಸಾವಿರದ ನೂರಾ ತೊಂಬತ್ತು ಇತ್ತಲ್ಲ, ಈಗ ಸಾವಿರದ ನಾನೂರಾ ಐವತ್ತು."

ಅಡಿವೆಪ್ಪನವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ತೈಲದ ಬೆಲೆ ಬಿದ್ದು ಸರ್ಕಾರದ ಬಳಿ ಸಂಬಳ ಕೊಡಲು ಹಣವಿರಲಿಲ್ಲ. ದಿನಾರಿನ ಬೆಲೆ ಇಳಿಸಿದರೆ, ತೈಲ ಮಾರಿ ಬಂದ ಅದೇ ಡಾಲರಿಗೆ ಹೆಚ್ಚು ದಿನಾರು ಸಿಗುತ್ತದೆ, ಸಂಬಳ ಕೊಡಬಹುದು. ಅವರು ಕಾಯುತ್ತಿದ್ದ ಸುಧಾರಣೆ ಬಂದಿತ್ತು. ಅದರ ಮೊದಲ ಕೆಲಸವೇ ಅವರು ಕಾಯುತ್ತಿದ್ದುದರ ತಿರುವುಮುರುವು.

ಸೋಮವಾರ ಅವರು ಮಾಸ್ಕು ಹಾಕಿಕೊಂಡು ಕಾಝಿಮ್‌ನ ಬೇಕರಿಗೆ ಹೋದರು. ಕಾಝಿಮ್ ಬಾಗ್ದಾದಿನವನು, ಐವತ್ತರ ಆಸುಪಾಸು. ಎರಡೂ ತುದಿ ಚೂಪಾದ, ನಡುವೆ ಉಬ್ಬಿದ 'ಸಮೂನ್' ಎಂಬ ಬ್ರೆಡ್ಡು ಸುಡುತ್ತಿದ್ದ. ಅಡಿವೆಪ್ಪ ಅದನ್ನು ವರ್ಷಗಳಿಂದ ಕೊಳ್ಳುತ್ತಿದ್ದರೂ ಬೆಲೆ ಬಿಟ್ಟು ಬೇರೆ ಮಾತಾಡಿರಲಿಲ್ಲ. ಅಂದು ಇಂಗ್ಲಿಷಿನಲ್ಲಿ, ನಿಮ್ಮ ಊರಲ್ಲಿ ದರ ಇಳಿಸಿದ್ದು ನಿಜವೇ ಎಂದು ಕೇಳಿದರು.

"ನಿಜ. ನಿಮಗೇಕೆ ಅದರ ಚಿಂತೆ?" ಎಂದ ಕಾಝಿಮ್.

ಅಡಿವೆಪ್ಪ ನೋಟುಗಳ ಮಾತೆತ್ತಲಿಲ್ಲ. ಬಾಗ್ದಾದಿನಲ್ಲಿ ಎರಡು ವರ್ಷ ಕೊಳವೆ ಹೂತಿದ್ದೇನೆ ಎಂದಷ್ಟೇ ಹೇಳಿದರು. ಕಾಝಿಮ್ ಕೈಯ ಹಿಟ್ಟು ಒರೆಸಿಕೊಂಡು, ಅಲ್ಲೇ ನಿಂತು ತಂಗಿಗೆ ವಿಡಿಯೊ ಕಾಲ್ ಹಚ್ಚಿದ. ತಂಗಿ ಸುಆದ್ ಬಾಗ್ದಾದಿನಲ್ಲಿ ಶಾಲಾ ಶಿಕ್ಷಕಿ, ಗಂಡನಿಲ್ಲ. ಯಾವ ಕಡೆ ಕೆಲಸ ಮಾಡಿದ್ದಿರಿ ಎಂದು ಆಕೆ ಕೇಳಿದಳು. ಇವರು ನದಿಯ ಪೂರ್ವಕ್ಕಿದ್ದ ಬಡಾವಣೆಯ ಹೆಸರು ಹೇಳಿದರು. ಆಕೆ ನಕ್ಕು ಏನೋ ಅಂದಳು. ಕಾಝಿಮ್ ಅದನ್ನು ಇಂಗ್ಲಿಷಿಗೆ ತಂದ: "ಆ ಬೀದಿಯಲ್ಲಿ ಮಳೆ ಬಂದರೆ ಇವತ್ತಿಗೂ ಮೊಣಕಾಲುದ್ದ ನೀರು ನಿಲ್ಲುತ್ತದಂತೆ. ಪೈಪು ಹಾಕಿದವರು ಕೊನೆಗೂ ಸಿಕ್ಕರಲ್ಲ, ಬಿಡಬೇಡ ಅನ್ನುತ್ತಿದ್ದಾಳೆ."

ಅಂದಿನಿಂದ ಸ್ನೇಹ ಬೆಳೆಯಿತು. ವಾರಕ್ಕೊಮ್ಮೆ ಸುಆದಳ ಮಾತು ಕಾಝಿಮ್‌ನ ಬಾಯಿಂದ ಅಡಿವೆಪ್ಪನವರಿಗೆ ತಲುಪುತ್ತಿತ್ತು. ಆಕೆಯ ಸಂಬಳ ಮೊದಲಿನಷ್ಟೇ ದಿನಾರು. ಅಡಿಗೆ ಎಣ್ಣೆ ಏರಿತು, ಹಿಟ್ಟು ಏರಿತು, ಹೊರದೇಶದಿಂದ ಬರುವ ರಕ್ತದೊತ್ತಡದ ಮಾತ್ರೆಯೂ ಏರಿತು. ಏಳು ವರ್ಷ ತಾವು ಬೆಳಿಗ್ಗೆ ನೋಡುತ್ತಿದ್ದ ಆ ಒಂದು ಅಂಕಿಯ ಕೆಳಗೆ ಇಷ್ಟೆಲ್ಲ ಇತ್ತೆಂದು ಅಡಿವೆಪ್ಪನವರಿಗೆ ಹೊಳೆದಿರಲಿಲ್ಲ. ಮೂರು ಡಾಲರಿನ ಕಾಲ ಇನ್ನು ಬರುವುದಿಲ್ಲ ಎಂಬುದೂ ಆಗಲೇ ಖಾತ್ರಿಯಾಯಿತು. ಆದರೆ ಅದನ್ನು ಅವರು ಯಾರಿಗೂ ಹೇಳಲಿಲ್ಲ. ಸಂಘದಲ್ಲಿ ಯಾರಾದರೂ ದಿನಾರಿನ ಬಗ್ಗೆ ಕೇಳಿದರೆ, "ನೋಡೋಣ್ರಿ" ಎಂದು ಮಾತು ಹಾರಿಸುತ್ತಿದ್ದರು.

2023ರ ಫೆಬ್ರವರಿಯಲ್ಲಿ ಇರಾಕ್ ಸರ್ಕಾರ ದರವನ್ನು ಡಾಲರಿಗೆ ಸಾವಿರದ ಮುನ್ನೂರಕ್ಕೆ ತಂದಿತು. ದಿನಾರು ಏರಿತ್ತು. ಸಂಘದ ವಾಟ್ಸಾಪಿನಲ್ಲಿ ಅಡಿವೆಪ್ಪನವರಿಗೆ ಅಭಿನಂದನೆಗಳ ಸುರಿಮಳೆ. ಎರಡು ದಿನ ಬಿಟ್ಟು ಸಾಲ್ಫರ್ಡ್‌ನಿಂದ ನಿವೇದಿತಾ ಫೋನು ಮಾಡಿದಳು. ಬೆಂಗಳೂರಿನ ಹುಡುಗಿ, ಐಟಿ ಕೆಲಸ, ಹೋದ ವರ್ಷ ಸಂಘದ ಊಟದಲ್ಲಿ ಪರಿಚಯವಾದವಳು.

"ಅಂಕಲ್, ಫೋನಲ್ಲಿ ಒಂದು ಗ್ರೂಪ್ ಇದೆ. ಇದು ಬರೀ ಶುರು, ಜೂನ್ ಒಳಗೆ ಪೂರ್ತಿ ಏರತ್ತೆ ಅಂತಿದಾರೆ. ಮುನ್ನೂರು ಪೌಂಡ್ ಕಟ್ಟಿ ರಿಜಿಸ್ಟರ್ ಮಾಡ್ಕೊಂಡ್ರೆ ನೋಟು ಬದಲಾಯಿಸೋಕೆ ಮೊದಲು ಚಾನ್ಸ್ ಅಂತೆ. ಮನೆ ಡೆಪಾಸಿಟ್‌ಗೆ ಇಟ್ಟಿರೋ ದುಡ್ಡಲ್ಲಿ ಐವತ್ತು ಲಕ್ಷ ದಿನಾರ್ ತಗೊಳ್ಳೋಣ ಅನ್ಕೊಂಡಿದೀನಿ. ನೀವು ಇಷ್ಟು ವರ್ಷದಿಂದ ಹೇಳ್ತಾನೇ ಇದೀರಂತಲ್ಲ?"

"ಯುಗಾದಿ ಊಟಕ್ಕ ಲೆಸ್ಟರ್‌ಗೆ ಬರ್ತೀಯಲ್ಲ? ಅಲ್ಲೀತನಕ ಒಂದ್ ಪೌಂಡೂ ಕೊಡಬ್ಯಾಡವಾ," ಎಂದಷ್ಟೇ ಹೇಳಿದರು ಅಡಿವೆಪ್ಪ.

ಆ ಶನಿವಾರ ಅವರು ಹತ್ತು ನೋಟು ಜೇಬಿಗೆ ಹಾಕಿಕೊಂಡು ಬರ್ಮಿಂಗ್‌ಹ್ಯಾಮಿನ ರೈಲು ಹತ್ತಿದರು. ಹಣ ಬದಲಾಯಿಸುವ ಮೂರು ಅಂಗಡಿಗೆ ಹೋದರು. ಮೊದಲನೆಯವರು ನೋಟು ಮುಟ್ಟಲೇ ಇಲ್ಲ. ಎರಡನೆಯವರು ಮ್ಯಾನೇಜರನ್ನು ಕೇಳಿ ಬಂದು ತಲೆಯಲ್ಲಾಡಿಸಿದರು. ಮೂರನೆಯವರು ಸರ್ಕಾರದ ದರದ ಕಾಲು ಭಾಗ ಕೊಡುವುದಾಗಿ ಹೇಳಿದರು. ಕಾಝಿಮ್‌ನಿಂದ ಸುಆದಳನ್ನು ಕೇಳಿಸಿದಾಗ, ಪೇಟೆಯಲ್ಲಿ ಡಾಲರು ಇನ್ನೂ ಸಾವಿರದ ಐನೂರು ದಾಟಿಯೇ ಇದೆ, ಎಣ್ಣೆಯ ಬೆಲೆ ಯಾವ ಅಂಗಡಿಯವನೂ ಇಳಿಸಿಲ್ಲ ಎಂದಳು.

ಯುಗಾದಿಯ ಕಾರ್ಯಕ್ರಮ ಲೆಸ್ಟರ್‌ನ ಬಾಡಿಗೆ ಸಭಾಂಗಣದಲ್ಲಿ. ಹೋಳಿಗೆ ಊಟವಾಗಿ ಜನ ಕುರ್ಚಿಯಲ್ಲಿ ಒರಗಿದ್ದಾಗ ಅಡಿವೆಪ್ಪ ಅಧ್ಯಕ್ಷರ ಕೈಯಿಂದ ಮೈಕು ಇಸಿದುಕೊಂಡರು.

"ಕಾರ್ಖಾನಿಯೊಳಗ ಒಂದು ತಪ್ಪು ತುಂಡು ಹೊರಗ ಹೋದ್ರ, ಎಲ್ಲೆಲ್ಲಿ ಹೋಗೇತಿ ಅಂತ ಹುಡುಕಿ ನಾವ ವಾಪಸ್ ತರಸ್ತೀವ್ರಿ. ದಿನಾರ್ ಬಗ್ಗೆ ನಾ ಹೇಳಿದ್ದು ಹಂಗ ಹೊರಗ ಹೋದ ತಪ್ಪು ಮಾತು. ಅದು ಮೂರು ಡಾಲರಿಗೆ ಏರೂದಿಲ್ಲ. ಈ ದೇಶದಾಗ ಅದನ್ನ ತಗೊಳ್ಳವ್ರ ಸಿಗೂದಿಲ್ಲ. ರೊಕ್ಕ ಕಟ್ಟಿ ರಿಜಿಸ್ಟರ್ ಮಾಡ್ರಿ ಅನ್ನಾವ್ರು ಮೋಸಗಾರರು. ಯಾರೂ ತಗೋಬ್ಯಾಡ್ರಿ."

ಹಿಂದಿನ ಸಾಲಿನಲ್ಲಿ ಚಿದಾನಂದ ಎದ್ದು ನಿಂತರು. ಮೈಸೂರಿನ ಕಡೆಯವರು, ಮೆತ್ತಗೆ ಮಾತಾಡುವವರು.

"ಅಡಿವೆಪ್ಪನೋರೆ, ನಿಮ್ಮ ಮಾತು ಕೇಳಿ ನಾನು ತಗೊಂಡೆ. ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಈಗ ಬರ್ಮಿಂಗ್‌ಹ್ಯಾಮಿಗೆ ಹೋಗಿ..."

"ಅಂಗಡಿ ವಿಷಯ ಅಲ್ಲ. ಏರಲ್ಲ ಅಂತ ಯಾವಾಗ ಗೊತ್ತಾಯ್ತು?"

ಅಡಿವೆಪ್ಪ ಮೈಕನ್ನು ಕೆಳಗಿಳಿಸಿದರು. "ಎರಡು ಸಾವಿರದ ಇಪ್ಪತ್ತರಾಗ," ಎಂದರು. ಮೈಕಿಲ್ಲದಿದ್ದರೂ ಎಲ್ಲರಿಗೂ ಕೇಳಿಸಿತು.

ಚಿದಾನಂದ ಕೋಟು ಎತ್ತಿಕೊಂಡು ಹೊರನಡೆದರು. ನಿವೇದಿತಾ ಬಂದು, "ಥ್ಯಾಂಕ್ಸ್ ಅಂಕಲ್," ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದಳು. ಉಳಿದವರು ಬಾಳೆಹಣ್ಣು ಸುಲಿಯುತ್ತ ಬೇರೆ ಮಾತಿಗೆ ತೊಡಗಿದರು.

ವಾಪಸು ಬರುವಾಗ ಕಾರಿನಲ್ಲಿ ನಾಗಮಣಿ ಮಾತು ತೆಗೆದರು.

"ಅಡಿಗಿಮನಿ ರೊಕ್ಕ ಹೋತು, ಹೋಗ್ಲಿ. ನಾ ಅದಕ್ಕ ಒಂದ್ ದಿನಾ ಆದ್ರೂ ನಿಮ್ಮನ್ನ ಅಂದೇನೇನು?"

"ಇಲ್ಲ."

"ಮತ್ತ ಇಷ್ಟ್ ದಿನ ಯಾಕ ನನ್ನ ಮುಂದೂ ಹೇಳ್ಲಿಲ್ರೀ?"

ಮರುದಿನ ಅಡಿವೆಪ್ಪ ನೆಟ್ಟಗೆ ಬೇಕರಿಗೆ ಹೋಗಿ ಕಾಝಿಮ್‌ಗೂ ಎಲ್ಲ ಹೇಳಿದರು. ಕಾಝಿಮ್ ಮೊದಲು ನಕ್ಕ. ಆಮೇಲೆ ಅವನ ಮುಖ ಬದಲಾಯಿತು.

"ಅಂದರೆ ವಾರವಾರ ನನ್ನ ತಂಗಿಯ ಮನೆಯ ಎಣ್ಣೆಯ ಬೆಲೆ ಕೇಳಿದ್ದು ಇದಕ್ಕೇನು?"

"ಮೊದಮೊದಲು ಇದಕ್ಕೇ. ಆಮೇಲೆ ಇದಕ್ಕಲ್ಲ," ಎಂದರು ಅಡಿವೆಪ್ಪ.

ಕಾಝಿಮ್ ಬ್ರೆಡ್ಡು ಕಟ್ಟಿಕೊಟ್ಟು ಮುಂದಿನ ಗಿರಾಕಿಯತ್ತ ತಿರುಗಿದ. ಮೂರು ವಾರ ಮಾತಿಲ್ಲ. ಅಡಿವೆಪ್ಪ ಮಾತ್ರ ಬಿಡದೆ ಹೋಗಿ ಸಮೂನ್ ತರುತ್ತಿದ್ದರು. ನಾಲ್ಕನೆಯ ವಾರ ಕಾಝಿಮ್ ತಾನಾಗಿ ಬಾಯಿಬಿಟ್ಟ: "ಇಲ್ಲಿ ಅದು ಕಾಗದ. ನಮ್ಮ ಊರಲ್ಲಿ ಅದು ದುಡ್ಡು. ತನ್ನಿ."

ಕಾಝಿಮ್‌ನ ನೆಂಟರು, ಪರಿಚಯದವರು ಬಾಗ್ದಾದಿಗೆ ಹೋಗಿಬರುತ್ತಿದ್ದರು. ಒಬ್ಬೊಬ್ಬರು ಕಾನೂನು ಒಪ್ಪುವಷ್ಟೇ ನೋಟು ಒಯ್ದು, ಅಲ್ಲಿ ಖರ್ಚು ಮಾಡಿ, ಅಲ್ಲಿನ ಪೇಟೆಯ ದರದಲ್ಲಿ ಇಲ್ಲಿ ಪೌಂಡು ಕೊಟ್ಟರು. ನೂರಿಪ್ಪತ್ತು ನೋಟು ಖಾಲಿಯಾಗಲು ಒಂದೂವರೆ ವರ್ಷ ಹಿಡಿಯಿತು. ಕೊಟ್ಟ ಹಣದಲ್ಲಿ ಮೂರರಲ್ಲಿ ಎರಡು ಪಾಲು ಬಂತು. ನಾಗಮಣಿ ಅದಕ್ಕೆ ತಮ್ಮದೂ ಒಂದಷ್ಟು ಸೇರಿಸಿ ಅಡಿಗೆಮನೆ ಮಾಡಿಸಿಕೊಂಡರು. ಚಿದಾನಂದ ಮಾತಾಡಲಿಲ್ಲ. ಆದರೆ ಒಂದು ದಿನ ಮುಕ್ತಾರ್‌ರ ಕೈಯಲ್ಲಿ ಲಕೋಟೆಯೊಂದನ್ನು ಕಳಿಸಿದರು. ಒಳಗೆ ಎಂಬತ್ತು ನೋಟು, ಜೊತೆಗೊಂದು ಚೀಟಿ: 'ಇವನ್ನೂ ನೋಡಿ.' ಅಡಿವೆಪ್ಪ ನೋಡಿದರು. ಬಂದಷ್ಟು ಪೌಂಡನ್ನು ಪ್ರತಿ ಸಲ ತಾವೇ ಬಸ್ಸು ಹತ್ತಿ ಲೆಸ್ಟರ್‌ಗೆ ಒಯ್ದು ಕೊಟ್ಟರು. ಮೂರನೆಯ ಸಲ ಚಿದಾನಂದ ಬಾಗಿಲಿನಿಂದಲೇ ಕಳಿಸದೆ, ಒಳಗೆ ಕರೆದು ಕಾಫಿ ಕೊಟ್ಟರು.

2025ರ ನವೆಂಬರಿನಲ್ಲಿ ಇರಾಕಿನಲ್ಲಿ ಚುನಾವಣೆ ನಡೆಯಿತು. ಅಡಿವೆಪ್ಪ ಆ ಹೊತ್ತಿಗೆ ಕೆಲಸದಿಂದ ನಿವೃತ್ತರಾಗಿದ್ದರು. ಅಂದು ಮಧ್ಯಾಹ್ನ ಮುಕ್ತಾರ್ ಮತ್ತು ಅವರು ಬೇಕರಿಯ ಮೂಲೆಯ ಮೇಜಿನಲ್ಲಿ ಕೂತಿದ್ದರು. ಸುಆದಳಿಗೆ ಮತಗಟ್ಟೆಯ ಡ್ಯೂಟಿ ಬಿದ್ದಿತ್ತು, ಮನೆ ಮುಟ್ಟಿದ ಮೇಲೆ ಅಣ್ಣನಿಗೆ ಫೋನು ಮಾಡುತ್ತೇನೆ ಎಂದಿದ್ದಳು. ಇಲ್ಲಿ ಮೂರು ಗಂಟೆಯಾದರೆ ಅಲ್ಲಿ ಆರು, ಮತದಾನ ಮುಗಿಯುವ ಹೊತ್ತು. ಮುಕ್ತಾರ್ ಫೋನಿನಲ್ಲಿ ಸುದ್ದಿ ಓದುತ್ತಿದ್ದರು.

"ಎಷ್ಟು ಮತ ಬಿದ್ದಾವಂತ ಬಂದೈತ್ರಿ ಅಣ್ಣಾ. ಓದ್ಲೇನು?"

"ಆಮ್ಯಾಲ ಓದ್ರಿ," ಎಂದರು ಅಡಿವೆಪ್ಪ. ಅವರ ಕಣ್ಣು ಕಾಝಿಮ್‌ನ ಫೋನಿನ ಮೇಲಿತ್ತು.

ನಾಲ್ಕೂವರೆಗೆ ಅದು ರಿಂಗಾಯಿತು. ಕಾಝಿಮ್ ಎರಡೇ ಮಾತಾಡಿ ಇಟ್ಟ.

"ಮನೆ ಮುಟ್ಟಿದಳಂತೆ," ಎಂದ. "ಕಾಲು ನೋಯುತ್ತಿದೆಯಂತೆ."

ಅಡಿವೆಪ್ಪ ಎದ್ದು ಕೋಟಿನ ಗುಂಡಿ ಹಾಕಿಕೊಂಡು, ಆರು ಸಮೂನ್ ಕಟ್ಟಿಸಿಕೊಂಡು ಬಸ್ ಸ್ಟಾಪಿನ ಕಡೆ ನಡೆದರು.