ಜೀಪಿನ ಚಕ್ರಕ್ಕೊಂದು ಕಾರಣ

ಹೋದ ಭಾನುವಾರ ಬೆಳಿಗ್ಗೆ ನಮ್ಮವರು ಇಡ್ಲಿ ತಟ್ಟೆಯ ಪಕ್ಕ ಲ್ಯಾಪ್‌ಟಾಪ್ ಇಟ್ಟು ಗಂಟಲು ಸರಿಮಾಡಿಕೊಂಡರು. ಪ್ರೆಸೆಂಟೇಷನ್! ಮೊದಲ ಸ್ಲೈಡ್: 'ಕುಟುಂಬದ ಸುರಕ್ಷತೆ'.

ಇನ್ಶೂರೆನ್ಸಾ? ಲೇಆಫಾ? (ಅಮೆರಿಕದ ಈ ಆಶ್‌ಬರ್ನ್‌ನಲ್ಲಿ ಗಂಡ ರಜಾದಿನ ಗಂಟಲು ಸರಿಮಾಡಿಕೊಂಡರೆ ಹೆಂಡತಿಗೆ ಮೊದಲು ಹೊಳೆಯುವುದು ಇವೆರಡೇ.) ಎರಡನೇ ಸ್ಲೈಡಿನಲ್ಲಿ ನಾಲ್ಕು ಅಲ್ಯೂಮಿನಿಯಂ ಬಿಲ್ಲೆಗಳ ಫೋಟೋ.

"ವ್ಹೀಲ್ ಸ್ಪೇಸರ್" ಅಂದರು. ಜೀಪಿಗೂ ಚಕ್ರಕ್ಕೂ ನಡುವೆ ಈ ಬಿಲ್ಲೆ ಕೂರಿಸಿದರೆ ಚಕ್ರ ಒಂದಿಷ್ಟು ಆಚೆ ಬರುತ್ತದಂತೆ. ಜೀಪು ಕಾಲು ಅಗಲಿಸಿ ನಿಲ್ಲುತ್ತದಂತೆ. ಇಳಿಜಾರಿನಲ್ಲಿ ಮಗುಚುವ ಭಯ ಕಡಿಮೆಯಂತೆ.

"ಯಾವ ಇಳಿಜಾರ್ರೀ? ದೇವಸ್ಥಾನದ ಪಾರ್ಕಿಂಗ್ ಲಾಟ್‌ದಾ?"

ನಮ್ಮ ಜೀಪಿನ ಪರಾಕ್ರಮ ನಿಮಗೆ ಹೇಳಿಲ್ಲ ಅಲ್ಲವೇ? ಕೊಂಡು ಎರಡು ವರ್ಷವಾಯಿತು. ಬ್ಲೂ ರಿಡ್ಜ್ ಬೆಟ್ಟದ ಮಣ್ಣುದಾರಿಗೆ ಇಳಿದದ್ದು ಒಂದೇ ಸಲ. ಆ ಕೆಸರನ್ನು ಮೂರು ವಾರ ತೊಳೆಯಲು ಬಿಡಲಿಲ್ಲ ಮಹಾರಾಯರು. ಬೀದಿಯವರೆಲ್ಲ ನೋಡಬೇಡವೇ?

ನಾನೇನು ಕಮ್ಮಿ? ನಾನೂ ಗೂಗಲ್ ಮಾಡಿದೆ. ಬೇರಿಂಗ್ ಬೇಗ ಸವೆಯಬಹುದಂತೆ. ಸ್ವಲ್ಪ ದೂರ ಓಡಿಸಿದ ಮೇಲೆ ನಟ್ಟುಗಳನ್ನೆಲ್ಲ ಮತ್ತೆ ಬಿಗಿಮಾಡಬೇಕಂತೆ. "ಸಡಿಲ ಆಗಿ ಚಕ್ರಾನೇ ಕಳಚಿಕೊಂಡ್ರೆ? ಇದೇನಾ ನಿಮ್ಮ ಸುರಕ್ಷತೆ?" ಎಂದು ಕೇಳಿದೆ. ತಕ್ಷಣ ಕಾರಣ ಬದಲಾಯಿತು. ರೀಸೇಲ್ ವ್ಯಾಲ್ಯೂ! ಅದಕ್ಕೂ ನಕ್ಕೆ. ಆಮೇಲೆ ಸ್ಟ್ರೆಸ್ ಕಡಿಮೆಯಾಗುತ್ತದೆ ಎಂದರು. ಯಾರದು, ಟೈರಿನದಾ?

ಮಧ್ಯಾಹ್ನ ಪಕ್ಕದೂರು ರೆಸ್ಟನ್ನಿನಿಂದ ಡಾಕ್ಟರ್ ಅಂಕಲ್ ಊಟಕ್ಕೆ ಬಂದರು. ಜೀವಮಾನವಿಡೀ ಮಂಡಿಚಿಪ್ಪು ರಿಪೇರಿ ಮಾಡಿ ರಿಟೈರ್ ಆದವರು. ನಮ್ಮವರು ಪಾಪ, ಅವರಾದರೂ ತಮ್ಮ ಪಾರ್ಟಿಗೆ ಬರುತ್ತಾರೆಂದು ಸ್ಲೈಡ್ ತೋರಿಸಿದರು. ಅಂಕಲ್ ಕನ್ನಡಕ ಏರಿಸಿ ನೋಡಿ, "ಅಲ್ಲಪ್ಪಾ, ಕೀಲು ಸರಿಯಾಗೇ ಇದೆ. ಮಧ್ಯೆ ಬಿಲ್ಲೆ ಯಾಕೆ ತುರುಕ್ತೀಯಾ? ನನ್ನ ಹತ್ರ ಬಂದಿದ್ರೆ ಆಪರೇಷನ್ ಬೇಡ ಅಂತ ವಾಪಸ್ ಕಳಿಸ್ತಿದ್ದೆ" ಎಂದುಬಿಟ್ಟರು.

"ಆಯ್ತು ಬಿಡಿ ಅಂಕಲ್." ನಮ್ಮವರು ಲ್ಯಾಪ್‌ಟಾಪ್ ಮುಚ್ಚಿದರು. ಹೋಳಿಗೆಯನ್ನೂ ಎರಡನೇ ಸಲ ಬೇಡ ಅಂದರು. ನಮ್ಮವರು ಹೋಳಿಗೆ ಬೇಡ ಅಂದರೆ ವಿಷಯ ಗಂಭೀರ.

ಸಂಜೆ ಗರಾಜಿಗೆ ಹೋದರೆ, ಕಾಲುಮಣೆ ಹಾಕಿಕೊಂಡು ಜೀಪಿನ ಹಿಂದೆ ಕೂತಿದ್ದಾರೆ. ಒಂದು ಕಣ್ಣು ಮುಚ್ಚಿ ಚಕ್ರ ನೋಡುತ್ತಿದ್ದಾರೆ.

"ರೀ, ನಿಜ ಹೇಳಿ. ಯಾಕೆ ಬೇಕು ನಿಮಗೆ?"

"ಸ್ಟೆಬಿಲಿಟಿ..."

"ನಿಜ ಹೇಳಿ ಅಂದೆ."

ಅತ್ತಿತ್ತ ನೋಡಿದರು. "ಚೆನ್ನಾಗ್ ಕಾಣತ್ತೆ ಕಣೇ" ಅಂದರು. ಕದ್ದ ಮಾಲು ಒಪ್ಪಿಸುವವರ ದನಿ!

ಅಯ್ಯೋ ಅನ್ನಿಸಿತು ನನಗೆ. ಈ ಮನುಷ್ಯ ತನಗೆಂದು ಏನು ಕೇಳಿದ್ದಾರೆ? ವೀಸಾ ವರ್ಷಗಳಲ್ಲಿ ಸೋಫಾ ಕೂಡ ಕೊಳ್ಳಲಿಲ್ಲ ನಾವು. ನಾಳೆ ದೇಶ ಬಿಟ್ಟು ಹೊರಡಿ ಅಂದರೆ ಹೊತ್ತುಕೊಂಡು ಹೋಗುವುದೆಲ್ಲಿಗೆ? ಪ್ರತಿಯೊಂದಕ್ಕೂ 'ಏನು ಉಪಯೋಗ' ಎಂದು ಕೇಳಿ ಕೇಳಿ, ಗ್ರೀನ್ ಕಾರ್ಡ್ ಬಂದ ಮೇಲೂ ಬಾಯಿಗೆ ಅದೇ ಬರುತ್ತದೆ. ಆಸೆ ಅಂದರೆ ನಮಗೆ ನಾಚಿಕೆ. ಅದಕ್ಕೊಂದು ಕಾರಣದ ಅಂಗಿ ತೊಡಿಸಿಯೇ ಆಚೆ ಕಳಿಸಬೇಕು. (ನನ್ನ ಬೀರುವಿನಲ್ಲಿ ಗಿಳಿಹಸಿರು ಮೈಸೂರು ಸಿಲ್ಕ್ ಇದೆ. 'ಅನಘಾ ಮದುವೆಗೆ ಆಗುತ್ತೆ' ಎಂದು ಕೊಂಡದ್ದು. ಮಗಳು ಅನಘಾ ಈಗ ಸಿಕ್ಸ್ತ್ ಗ್ರೇಡ್.)

"ಹಾಕಿಸ್ಕೊಳ್ಳಿ" ಅಂದೆ. "ಆದ್ರೆ ಒಳ್ಳೇ ಶಾಪಲ್ಲಿ. ನಟ್ ಮತ್ತೆ ಟೈಟ್ ಮಾಡಿಸೋದು ಮರೀಬಾರ್ದು. ಮತ್ತೆ ಇನ್ನೊಂದು. ಯಾರು ಕೇಳಿದ್ರೂ ಚೆಂದಕ್ಕೆ ಅಂತ್ಲೇ ಹೇಳ್ಬೇಕು. ಸ್ಟೆಬಿಲಿಟಿ ಗಿಬಿಲಿಟಿ ಅಂದ್ರೆ ನೋಡಿ!"

"ಪ್ರಾಮಿಸ್" ಅಂದರು. ಉಳಿದ ಹೋಳಿಗೆ ಆ ರಾತ್ರಿಯೇ ಖಾಲಿ.

ಜೀಪು ಈಗ ಗರಡಿಯಾಳಿನ ಹಾಗೆ ತೊಡೆ ಅಗಲಿಸಿ ನಿಂತಿದೆ. ಚೆನ್ನಾಗಿಯೇ ಕಾಣುತ್ತದೆ, ಸುಳ್ಳು ಯಾಕೆ ಹೇಳಲಿ? ನಿನ್ನೆ ಸಂಜೆ ನಮ್ಮವರು ಡ್ರೈವ್‌ವೇಯಲ್ಲಿ ಅದಕ್ಕೆ ಸ್ನಾನ ಮಾಡಿಸುತ್ತಿದ್ದರು. ಪಕ್ಕದ ಮನೆಯ ವೀಣಾ ವಾಕಿಂಗ್ ಮುಗಿಸಿ ಬಂದವರು ನಿಂತು, "ಏನ್ರೀ ಇದು, ಚಕ್ರ ಎಲ್ಲಾ ಆಚೆ ಬಂದಿದೆ? ಯಾಕೆ ಹೀಗ್ ಮಾಡ್ಸಿದೀರಾ?" ಎಂದು ನನ್ನನ್ನೇ ಕೇಳಿದರು.

ನಮ್ಮವರು ನೀರಿನ ಪೈಪು ಹಿಡಿದುಕೊಂಡೇ ನನ್ನತ್ತ ತಿರುಗಿದರು. ಬಾಯಿ ತೆರೆದೆ.

"ಫ್ಯಾಮಿಲಿ ಸೇಫ್ಟಿಗೆ ಕಣ್ರೀ!"