ಬೆಳ್ಳಿ ಗುಂಡಿಗೆ ಇಳಿದ ಪಕ್ಕೀರವ್ವ

ಬೇವೂರಿನ ಆಚೆಯ ಗುಡ್ಡದಲ್ಲಿ ಒಂದು ಹಳೆಯ ಗಣಿ ಇದೆ. ನಿಜಾಮರ ಕಾಲದಲ್ಲಿ ಯಾವುದೋ ಬಿಳಿಯರ ಕಂಪನಿ ಬೆಳ್ಳಿಗಾಗಿ ಅಗೆಸಿ, ಕೈಗೆ ಹೆಚ್ಚೇನೂ ಹತ್ತದೆ ಬಿಟ್ಟುಹೋಗಿತ್ತು. ಊರವರಿಗೆ ಅದು ಬೆಳ್ಳಿ ಗುಂಡಿ. ಪಕ್ಕೀರವ್ವನ ಅಜ್ಜ ಅಲ್ಲಿ ಕೂಲಿಯಾಗಿದ್ದ. ಅವನ ತಮ್ಮ ಮಣ್ಣು ಕುಸಿದು ಒಳಗೇ ಉಳಿದ; ಹೆಣವೂ ಸಿಗಲಿಲ್ಲ. ಅಂದಿನಿಂದ ಆ ಮನೆಯವರು ಕುರಿ ಮೇಯಿಸಲೂ ಆ ಕಡೆ ಹಾಯುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಕಾರಿನಲ್ಲಿ ಇಬ್ಬರು ಬಂದರು. ತಳದಲ್ಲಿ ಇನ್ನೂ ಬೆಳ್ಳಿ ಇದೆ, ಒಂದಿಷ್ಟು ಕಲ್ಲು ತಂದುಕೊಟ್ಟರೆ ಸಾಕು ಎಂದು ಪಕ್ಕೀರವ್ವನ ಗಂಡ ದುರಗೇಶನನ್ನು ಒಪ್ಪಿಸಿದರು. ಕುಷ್ಟಗಿ ಕಡೆಯ ಗ್ರಾನೈಟ್ ಕ್ವಾರಿಯಲ್ಲಿ ದುಡಿದವನು. ಕಲ್ಲೆಂದರೆ ಅವನಿಗೆ ಅಂಜಿಕೆಯಿಲ್ಲ.

"ಬ್ಯಾಡ್ರಿ. ನಮ್ಮ ಸಣ್ಣಜ್ಜ ಇನ್ನೂ ಅಲ್ಲೇ ಅದಾನ," ಎಂದಳು ಪಕ್ಕೀರವ್ವ.

"ಆಗಿನ ಮಾತು ಬ್ಯಾರೆ," ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ.

ಅವಳಿಗೆ ಮನೆಯಲ್ಲಿ ಕೂರಲಾಗಲಿಲ್ಲ. ರೊಟ್ಟಿ ಕಟ್ಟಿಕೊಂಡು ಗುಡ್ಡ ಹತ್ತುವಾಗ ಆ ಕಾರು ಎದುರಿಗೇ ದಡದಡ ಇಳಿದುಹೋಯಿತು. ಗಂಡ ಅದರಲ್ಲಿರಲಿಲ್ಲ. ಓಡಿದಳು. ಗುಂಡಿಯ ಬಾಯಿಂದ ಧೂಳು ಏಳುತ್ತಿತ್ತು. ಬಂಡೆಗೆ ಬಿಗಿದ ಹಗ್ಗ ಸಡಿಲವಾಗಿ ಒಳಗೆ ಜೋತುಬಿದ್ದಿತ್ತು.

"ಅದೀರೇನು? ದನಿ ಕೊಡ್ರಿ."

ಬಹಳ ಹೊತ್ತಿನ ಮೇಲೆ ಕೆಮ್ಮು ಕೇಳಿಸಿತು. "ಕಾಲು ಸಿಕ್ಕೊಂಡೈತಿ. ನೀ ಇಳೀಬ್ಯಾಡ."

ಅವಳ ಕೂಗಿಗೆ, ಅಲ್ಲೇ ಆಡು ಮೇಯಿಸುತ್ತಿದ್ದ ಮೌಲಾಹುಸೇನ ಬಂದ. ಊರಿಂದ ಜನ ಕರೆತರುತ್ತೇನೆ ಎನ್ನುವಷ್ಟರಲ್ಲಿ ಒಳಗೆ ಮತ್ತೆ ಮಣ್ಣು ಜಾರಿದ ಸದ್ದಾಯಿತು.

"ಫೋನ್ ಹಚ್ಚಿ ಹೇಳಣ್ಣ. ನೀ ಹಗ್ಗ ಬಿಟ್ಟು ಹೋಗಬ್ಯಾಡ," ಎಂದು ಪಕ್ಕೀರವ್ವ ಕಚ್ಚೆ ಬಿಗಿದು ಇಳಿದಳು.

ತಲೆಯ ಮೇಲೆ ಹರಳು ಉದುರಿದಾಗಲೆಲ್ಲ ಉಸಿರು ಹಿಡಿದು ನಿಂತಳು. ತಳದ ಕತ್ತಲಲ್ಲಿ ಗಂಡನ ಕೈ ಅವಳ ಪಾದಕ್ಕೆ ತಾಗಿತು. ಬರಿಗೈಯಲ್ಲಿ ಮಣ್ಣು ತೋಡಿದಳು. ತೋಡಿದಷ್ಟೂ ಬಂದು ತುಂಬುತ್ತಿತ್ತು. ಕೊನೆಗೆ ಅವನ ಹಾರೆಯನ್ನೇ ಕಾಲ ಮೇಲೆ ಬಿದ್ದಿದ್ದ ಚಪ್ಪಡಿಯ ಕೆಳಗೆ ಕೊಟ್ಟು ಮೀಟಿದಳು. ಅವನು ಚೀರಿದ, ಕಾಲು ಹೊರಬಂತು. ಕಂಕುಳಡಿ ಹಗ್ಗ ಕಟ್ಟಿ ಮೇಲೆ ಕೂಗಿದಳು. ಅಷ್ಟರಲ್ಲಿ ಊರವರೂ ಬಂದಿದ್ದರು, ಎಳೆದರು.

ಹಗ್ಗ ತಿರುಗಿ ಬರುವವರೆಗೆ ಅವಳು ಒಬ್ಬಳೇ. ಗೋಡೆಗೆ ಆತು ನಿಂತಾಗ, ಸಣ್ಣಜ್ಜನೂ ಹೀಗೇ ಮೇಲೆ ನೋಡಿರಬೇಕು ಅನ್ನಿಸಿತು. ಆಮೇಲೆ ಹಗ್ಗ ಮುಖಕ್ಕೆ ತಾಗಿತು. ಮೇಲೆ ಬಂದವಳಿಗೆ ಮೊದಲು ಅಳುವೇ ಬಂತು.

ದುರಗೇಶನ ಕಾಲು ನೆಟ್ಟಗಾಗಲಿಲ್ಲ. ಈಗ ಬಸ್ ನಿಲ್ದಾಣದ ಬಳಿ ಚಹಾ ಮಾರುತ್ತಾನೆ. ಕಾರಿನವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಪಕ್ಕೀರವ್ವ ಪಂಚಾಯಿತಿಗೆ ಅಲೆದೂ ಅಲೆದೂ ಗುಂಡಿಯ ಬಾಯಿಗೆ ಕಾಂಕ್ರೀಟ್ ಹಾಕಿಸಿದಳು. ಕಲಸುವ ಕೆಲಸಕ್ಕೆ ತಾನೂ ಕೂಲಿಗೆ ನಿಂತಳು.