ಕೆಲಸ ಸಿಕ್ಕಿದ್ದು ನನಗೆ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ ಇಳಿದಾಗ ಬೆಳಗಿನ ಒಂಬತ್ತು ಗಂಟೆ. ಕಣ್ಣು ಹಾಯುವವರೆಗೆ ತೆಂಗಿನ ಮರ, ತೋಟದಲ್ಲಿ ಒಂದು ನರಪಿಳ್ಳೆ ಇಲ್ಲ. ನಮ್ಮ ಲಿಂಗಸುಗೂರು ಕಡೆ ಅಷ್ಟು ಹೊತ್ತಿಗೆ ಹತ್ತಿ ಹೊಲದ ತುಂಬ ಸೀರೆಗಳು ಕಾಣುತ್ತವೆ, ಹಾಡು ಕೇಳುತ್ತದೆ, ಬೈಗುಳವೂ ಕೇಳುತ್ತದೆ. "ಇಲ್ಲಿ ಆಳು ಯಾರಿಗೆ ಬೇಕಾಗತಾರ?" ಎಂದೆ. ನನ್ನ ಗಂಡ ಹನುಮಂತ ಗಂಟು ಹೆಗಲಿಗೇರಿಸಿ, "ಸುಮ್ಮ ನಡಿ, ಇಷ್ಟು ಹಸರು ಇದ್ದಲ್ಲಿ ಕೆಲಸಕ್ಕೇನು ಬರ?" ಎಂದ.

ಅದು ಎಪ್ಪತ್ತರ ದಶಕ ಮುಗಿಯುವ ಹೊತ್ತು. ನಮ್ಮೂರಿನ ಗೌಡರ ಮನೆಗೆ ಟ್ರ್ಯಾಕ್ಟರ್ ಬಂತು. ಹತ್ತು ವರ್ಷ ಅವರ ಎತ್ತು ಹೊಡೆದ ಹನುಮಂತ ಮನೆಯಲ್ಲಿ ಕೂತ. ತೆಂಗಿನ ಸೀಮೆಯಲ್ಲಿ ವರ್ಷವಿಡೀ ಕೂಲಿ ಸಿಗುತ್ತದೆ ಎಂದು ಯಾರೋ ಪುಣ್ಯಾತ್ಮ ಹೇಳಿದ್ದ. ಇಬ್ಬರಿಗೂ ಒಂದೇ ಕಡೆ ಕೆಲಸ ಸಿಗಬೇಕು, ಒಂದೇ ಸೂರಿನಡಿ ಬಾಳಬೇಕು. ನಾವು ಬಯಸಿ ಬಂದದ್ದು ಅಷ್ಟೇ.

ಐದು ದಿನ ತೋಟದಿಂದ ತೋಟಕ್ಕೆ ಅಲೆದೆವು. ಎಲ್ಲ ಕಡೆಯೂ ಎರಡೇ ಪ್ರಶ್ನೆ. ಮೊದಲನೆಯದು, "ಯಾರ ಕಡೆಯೋರಪ್ಪ ನೀವು?" ನಾವು ಯಾರ ಕಡೆಯವರೂ ಅಲ್ಲ. ಎರಡನೆಯದು, "ಮರ ಹತ್ತಕ್ಕೆ ಬತ್ತದಾ?"

"ಇಲ್ರೀ. ಗಳೇ ಹೊಡಿತೀನ್ರೀ, ಕೂರಿಗಿ ಹಿಡಿತೀನ್ರೀ," ಎನ್ನುತ್ತಿದ್ದ ಹನುಮಂತ. ಉಳುವುದರಲ್ಲಿ, ಬಿತ್ತುವುದರಲ್ಲಿ ನಮ್ಮ ಕಡೆ ಅವನ ಕೈಗೆ ಹೆಸರಿತ್ತು.

"ಮರದ ಸಾಲಲ್ಲಿ ನೇಗ್ಲು ಹೊಡಿಯಕ್ಕೆ ನಮ್ಮುಡುಗ್ರೇ ಸಾಕು ಕಣಪ್ಪ. ರಾಗಿ ಒಕ್ಕಣೆನೂ ಮುಗೀತು. ಮುಂದ್ಕೋಗಿ ನೋಡು."

ಮುಂದಕ್ಕೆ ಹೋದರೆ ಅವರೂ ಮುಂದಕ್ಕೆ ಕಳಿಸುತ್ತಿದ್ದರು. ಕೈ ಕೆಸರಾದರೆ ಬಾಯಿ ಮೊಸರಂತೆ! ಕೆಸರು ಮಾಡಿಕೊಳ್ಳಲು ಯಾರಾದರೂ ಅಂಗೈಯಗಲ ಹೊಲ ತೋರಿಸಬೇಕಲ್ಲ? ಗುಡಿಯ ಜಗಲಿಯಲ್ಲಿ ಮಲಗಿ, ಯಾರೋ ಕೊಟ್ಟ ಮುದ್ದೆಯನ್ನು ರೊಟ್ಟಿಯಂತೆ ಅಗಿದು ನಗೆಪಾಟಲಾಗಿ, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆರನೆಯ ದಿನ ಹೊನ್ನವಳ್ಳಿಯ ಗೌರಮ್ಮ ಎಂಬ ತೋಟದ ಯಜಮಾನಿ ನನಗೊಬ್ಬಳಿಗೆ ಕೆಲಸ ಕೊಟ್ಟರು. ಅಟ್ಟದ ಮೇಲೆ ಹತ್ತಿರಹತ್ತಿರ ಒಂದು ವರ್ಷ ಒಣಗಲು ಬಿಟ್ಟ ಕಾಯಿಯನ್ನು ಇಳಿಸಿ, ಸಿಪ್ಪೆ ಸುಲಿದು ಅಂಗಳಕ್ಕೆ ಹಾಕಿದ್ದರು. ಹೆಂಗಸರು ಮಚ್ಚಿನಿಂದ ಹುಷಾರಾಗಿ ಚಿಪ್ಪು ಒಡೆದು ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ತೆಗೆಯುತ್ತಿದ್ದರು. ನನ್ನದು ಚಿಪ್ಪು ಹೊರುವ ಕೆಲಸ.

ಮಧ್ಯಾಹ್ನ ಅವರೆಲ್ಲ ಊಟಕ್ಕೆ ಎದ್ದರು. ನನ್ನ ಬಳಿ ಬುತ್ತಿ ಇರಲಿಲ್ಲ. ಗುಡ್ಡೆಯಾಗಿ ಬಿದ್ದ ಉಂಡೆಗಳನ್ನೇ ನೋಡುತ್ತ ಕೂತೆ. ನಮ್ಮ ಕಡೆ ಕೊಬ್ಬರಿ ಎಂದರೆ ಬಟ್ಟಲು. ಸಂತೆಯಲ್ಲೂ ಬಟ್ಟಲು, ಉಡಿ ತುಂಬುವಾಗಲೂ ಬಟ್ಟಲು. ಇಡೀ ಉಂಡೆಯನ್ನು ಹುಟ್ಟಿದಾಗಿನಿಂದ ಕಂಡವಳಲ್ಲ. ಪಾಪ, ಅರ್ಧ ಕೆಲಸ ಉಳಿದಿದೆ, ಮುಗಿಸಿಟ್ಟರೆ ಮೆಚ್ಚಿ ಹನುಮಂತನಿಗೂ ಕೆಲಸ ಕೊಟ್ಟಾರು ಎಂದುಕೊಂಡು ಮಚ್ಚು ಎತ್ತಿಕೊಂಡೆ.

ಗೌರಮ್ಮ ಬರುವಷ್ಟರಲ್ಲಿ ಒಂದು ಬುಟ್ಟಿ ಉಂಡೆ ಹೋಳಾಗಿತ್ತು.

"ಅಯ್ಯೋ ಶಿವನೇ! ಏನ್ ಮಾಡ್ಬುಟ್ಟೆ ತಾಯೀ! ಉಂಡೆಗಿರೋ ಬೆಲೆ ಹೋಳಿಗೈತಾ?"

"ಬಟ್ಟಲ ಮಾಡೀನ್ರೀ ಅಮ್ಮಾರ..."

"ಮಾಡು ಅಂತ ಯಾವಳು ಹೇಳಿದ್ಲು ನಿಂಗೆ?"

"ಬ್ಯಾಡ ಅಂತ ಯಾರರ ಹೇಳಿದ್ರೇನ್ರೀ?" ಎಂದುಬಿಟ್ಟೆ. ಐದು ದಿನದ ಸಿಟ್ಟೆಲ್ಲ ಬಾಯಿಗೆ ಬಂದಿತ್ತು. ಹಿಂದೆಯೇ ಅಳುವೂ ಬಂತು.

ಗೌರಮ್ಮ ಎರಡು ಹೋಳು ಎತ್ತಿ ಒಂದಕ್ಕೊಂದು ಹೊಂದಿಸಿ ನೋಡಿದರು. ಎಲ್ಲೂ ಚೂರು ಎದ್ದಿರಲಿಲ್ಲ. "ಕೈಯೇನೋ ನೆಟ್ಟಗೈತೆ, ತಲೆ ನೆಟ್ಟಗಿಲ್ಲ. ನಾಳೆಯಿಂದ ಚಿಪ್ಪು ಒಡಿ ಬಾ. ಉಂಡೆಗೆ ಏಟು ಬಿದ್ರೆ ನೋಡು ಮತ್ತೆ!" ಎಂದರು. ಕೊಟ್ಟಿಗೆಯ ಪಕ್ಕದ ಕೋಣೆಯನ್ನೂ ಬಿಟ್ಟುಕೊಟ್ಟರು.

"ನಮ್ಮ ಮನಿಯವ್ರಿಗೂ ಏನರ ಕೆಲಸ..."

"ಗಂಡಾಳು ಬೇಕಿಲ್ಲ ಕಣವ್ವಾ. ಮರ ಹತ್ತೋದ್ ಕಲೀಲಿ, ನೋಡಾನ."

ಹನುಮಂತ ಅದಕ್ಕೂ ಹೋದ. ಆಳೆತ್ತರ ಹತ್ತಿ, ಎದೆ ತೊಡೆಯೆಲ್ಲ ತರಚಿಕೊಂಡು ಜಾರಿದ. ಕೆಳಗೆ ನಿಂತವರು ನಕ್ಕರು. ಅವತ್ತಿನಿಂದ ನಾನು ದುಡಿದು ಬರುವಷ್ಟರಲ್ಲಿ ಅವನು ಒಲೆ ಹೊತ್ತಿಸಿ ಕೂತಿರುತ್ತಿದ್ದ. ನನಗೆ ಅಯ್ಯೋ ಎನಿಸುತ್ತಿತ್ತು, ಮರುಗಳಿಗೆ ಸಿಟ್ಟು ಬರುತ್ತಿತ್ತು. ಇಷ್ಟು ದೊಡ್ಡ ಸೀಮೆಗೆ ಒಬ್ಬ ಉಳುವವನು ಬೇಡವೇ?

ಮುಂಗಾರಿನ ಮೋಡ ಕಟ್ಟಿದಾಗ ಊರಿನಿಂದ ಕಾಗದ ಬಂತು. ಪಕ್ಕದ ಹಳ್ಳಿಯವರು ಬಿತ್ತನೆಗೆ ಅವನನ್ನು ಕರೆದಿದ್ದರು. ಕಾಗದ ಓದಿ ಹೇಳಿದವಳೂ ನಾನೇ. ಬಸ್ಸಿಗೆ ಕಾಯುತ್ತ ನಿಂತಾಗ, "ನೀ ಬರತೀ ಏನು?" ಎಂದ. ಮೂರು ತಿಂಗಳ ಹಿಂದೆ ಕೇಳಿದ್ದರೆ ಅವನಿಗಿಂತ ಮುಂಚೆ ಬಸ್ ಹತ್ತುತ್ತಿದ್ದೆ. ಈಗ ಹೋದರೆ ಬಿತ್ತನೆ ಮುಗಿದ ಮೇಲೆ ಮತ್ತೆ ಇಬ್ಬರೂ ಬರಿಗೈ. "ದೀವಳಿಗೆಗೆ ಬರತೀನಿ, ನೀ ನಡಿ," ಎಂದೆ. ಹಬ್ಬಕ್ಕೆ ಬಂದರೂ ಅಲ್ಲೇ ಉಳಿಯುವವಳಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಹೀಗೇ ವರ್ಷಗಳಾದವು. ಸುಗ್ಗಿ ಮುಗಿಸಿ ಅವನು ಇಲ್ಲಿಗೆ ಬರುತ್ತಾನೆ, ದೀಪಾವಳಿಗೆ ನಾನು ಅಲ್ಲಿಗೆ ಹೋಗುತ್ತೇನೆ. ಹೊಸಿಲು ದಾಟುವ ಮೊದಲೇ ಅತ್ತೆ ಕೇಳುತ್ತಾಳೆ, "ಎಷ್ಟು ದಿವಸ ಇರತೀಯವ್ವಾ?" ನೆಂಟರನ್ನು ಕೇಳುವ ಮಾತು, ಅದೂ ನನ್ನ ಮನೆಯಲ್ಲೇ. "ಎಂಟು ದಿವಸ" ಎಂದು ಹೇಳಿ ರೊಟ್ಟಿ ಬಡಿಯಲು ಕೂರುತ್ತೇನೆ.